ರಾಗಿ ಕೂದಲಿನ ಹೆಂಗಸು

ಪ್ರಪಂಚದಲ್ಲಿ ಇಷ್ಟೊಂದು ಜನ ಕೆಲಸವಿಲ್ಲದೆ ಕೂತಿದ್ದಾರೆ ಎಂದು ನನಗೆ ಗೊತ್ತಾಗಿದ್ದು ಅಮರ್ ತನ್ನ ಫೋನು ತೆಗೆದು ತೋರಿಸಿದ ಮೇಲೆ. ಯಾವುದೋ ದೇಶದಲ್ಲಿ ಮನೆಯನ್ನು ತಲೆಕೆಳಗಾಗಿ ಕಟ್ಟಿದ್ದಾರೆ, ಸೂರು ನೆಲದ ಮೇಲೆ, ಬಾಗಿಲು ಆಕಾಶದಲ್ಲಿ. ಇನ್ನೆಲ್ಲೋ ಮರಳುಗಾಡಿನ ನಡುವೆ ನೆಲದಿಂದ ಒಂದು ಕೈ ಎದ್ದು ನಿಂತಿದೆ, ನಾಲ್ಕಾಳೆತ್ತರ. ಮತ್ತೊಂದು ಕಡೆ ಒಳ್ಳೊಳ್ಳೆ ಕಾರುಗಳನ್ನು ಮೂಲಂಗಿ ನೆಟ್ಟ ಹಾಗೆ ಮೂತಿ ಕೆಳಗಾಗಿ ಮಣ್ಣಲ್ಲಿ ನೆಟ್ಟಿದ್ದಾರೆ. ಜನ ವಿಮಾನ ಹತ್ತಿ ಹೋಗಿ ಇವನ್ನೆಲ್ಲ ನೋಡಿ ಬರುತ್ತಾರಂತೆ.

"ನಮ್ಮನೆ ನಲವತ್ತು ವರ್ಷದಿಂದ ತಲೆಕೆಳಗಾಗೇ ಐತೆ, ಒಬ್ಬನೂ ಟಿಕೆಟ್ ತಗೊಂಡು ಬಂದಿಲ್ಲ ಬಿಡಪ್ಪ," ಎಂದೆ.

ಅಮರ್ ನಕ್ಕ. ನಮ್ಮ ಯಜಮಾನರು ಬೈಲಪ್ಪನವರು ನಗಲಿಲ್ಲ. ಅವರು ಫೋನಿನಲ್ಲಿ ಆ ಕೈಯ ಹೆಬ್ಬೆರಳಿನ ಉಗುರನ್ನು ದೊಡ್ಡದು ಮಾಡಿ ನೋಡುತ್ತಿದ್ದರು.

ಅಮರ್ ನಂದಗುಡಿ ಕಡೆಯ ಜಮೀನುದಾರರ ಮಗ. ರಸ್ತೆ ಪಕ್ಕದ ಆರು ಎಕರೆಗೆ ಬೇಲಿ ಹಾಕಿಸಿ, ಪ್ರಪಂಚದ ವಿಚಿತ್ರಗಳನ್ನೆಲ್ಲ ಒಂದೇ ಕಡೆ ಮಾಡಿಸಿ, ಭಾನುವಾರ ಬೆಂಗಳೂರಿನಿಂದ ಬರುವವರಿಗೆ ತೋರಿಸಬೇಕೆಂದು ಹೊರಟಿದ್ದ. "ಯಾವ್ದಾದ್ರೂ ಪ್ರಾಜೆಕ್ಟಿಗೆ ಭೂಮಿ ಹೋಗೋಕ್ ಮುಂಚೆ ಏನಾದ್ರೂ ಮಾಡ್ಬಿಡೋಣ ಬೈಲಪ್ಪಣ್ಣ," ಎನ್ನುತ್ತಿದ್ದ. ಆ ವಿಚಿತ್ರಗಳನ್ನು ಕಟ್ಟುವುದಕ್ಕೆ ಅವನಿಗೆ ಸಿಕ್ಕಿದ್ದು ಗೋಪುರದ ಬೊಂಬೆ ಮಾಡುವ ನನ್ನ ಗಂಡ.

ನಮ್ಮವರು ಒಕ್ಕಲು ಮನೆಯಲ್ಲಿ ಹುಟ್ಟಿ, ಹದಿನೆಂಟನೇ ವಯಸ್ಸಿಗೆ ಆರಣಿ ಕಡೆಯ ಒಬ್ಬ ತಮಿಳು ಮೇಸ್ತ್ರಿಯ ಹಿಂದೆ ಹೋಗಿ ಈ ಕೆಲಸ ಕಲಿತವರು. ಮೂವತ್ತೆಂಟು ವರ್ಷದಲ್ಲಿ ಹೊಸಕೋಟೆ, ದೇವನಹಳ್ಳಿ, ಘಾಟಿ ಸುಬ್ರಹ್ಮಣ್ಯದ ಆಸುಪಾಸಿನ ಸಣ್ಣಪುಟ್ಟ ಗುಡಿಗಳ ಮೇಲೆ ಎಷ್ಟು ದೇವರನ್ನು ಕೂರಿಸಿದ್ದಾರೋ ಲೆಕ್ಕವಿಟ್ಟವರಿಲ್ಲ. ಮರಳು ಜರಡಿ ಹಿಡಿದವಳು, ಗಾರೆ ಕಲಸಿದವಳು, ಸಾರುವೆ ಹತ್ತಿ ಬಾಂಡಲಿ ಕೊಟ್ಟವಳು ನಾನು. ಅದು ಸಾಲದು ಎಂದು ಕನ್ನಡಿ ಹಿಡಿಯುವ ಕೆಲಸವೂ ನನ್ನದೇ.

ಕನ್ನಡಿಯ ವಿಷಯ ಹೇಳಬೇಕು. ಬೊಂಬೆ ಪೂರ್ತಿ ಮುಗಿದರೂ ಕಣ್ಣು ಮಾತ್ರ ಬಿಡಿಸಿರುವುದಿಲ್ಲ. ಮುಖದ ಮೇಲೆ ಬಟ್ಟೆ ಹೊದಿಸಿಟ್ಟು, ಕೊನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಕೊರೆದು ಕಣ್ಣು ತೆರೆಸುತ್ತಾರೆ. ಹಾಗೆ ತೆರೆದ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ತಡೆಯುವುದಕ್ಕಾಗುವುದಿಲ್ಲ. ಅದಕ್ಕೇ ಎದುರಿಗೆ ಕನ್ನಡಿ ಹಿಡಿಯುವುದು. ದೇವರು ಮೊದಲು ತನ್ನನ್ನೇ ನೋಡಿಕೊಳ್ಳುತ್ತಾನೆ, ಆಮೇಲೆ ನಮ್ಮನ್ನು. ಮುಖ ಪಕ್ಕಕ್ಕೆ ತಿರುಗಿಸಿ ಅಷ್ಟು ವರ್ಷವೂ ಹಿಡಿದಿದ್ದೇನೆ. ಕನ್ನಡಿಯ ಮುಂದುಗಡೆ ದೇವರಿಗೆ, ರಟ್ಟು ಅಂಟಿಸಿದ ಹಿಂದುಗಡೆ ನನಗೆ. ಕಣ್ಣು ಬಿಡಿಸದೆ ಬಿಟ್ಟ ಬೊಂಬೆ ಹೆಣಕ್ಕೆ ಸಮ ಎಂದು ಆ ಮೇಸ್ತ್ರಿ ಹೇಳಿಕೊಟ್ಟಿದ್ದರು. ನಮ್ಮವರಿಗೆ ಆ ಮಾತು ಕಲ್ಲಿನಲ್ಲಿ ಕೊರೆದ ಹಾಗೆ.

ಒಂದು ವರ್ಷದಲ್ಲಿ ತಲೆಕೆಳಗಿನ ಮನೆಯಾಯಿತು, ಕೈಯಾಯಿತು, ಆಕಾಶದಲ್ಲಿ ನಿಂತು ನೀರು ಸುರಿಯುವ ಟೀ ಜಗ್ಗಾಯಿತು. ಅದರ ನೀರಿನೊಳಗೇ ಪೈಪು ಅಡಗಿದೆ, ಯಾರಿಗೂ ಹೇಳಬೇಡಿ. ಅಷ್ಟರಲ್ಲಿ ನಮ್ಮವರ ಮಂಡಿ ಸವೆದುಹೋಗಿತ್ತು. ನಾನೂ ಸವೆದಿದ್ದೆ, ಆದರೆ ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ. ನಾಲ್ಕಕ್ಕೆ ಏಳಬೇಕು, ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕಬೇಕು, ಸೊಸೆ ಸಿಂಧು ಆರು ಗಂಟೆಗೆ ಫ್ಯಾಕ್ಟರಿ ಬಸ್ಸು ಹತ್ತುವುದರೊಳಗೆ ಡಬ್ಬಿ ಕಟ್ಟಬೇಕು, ಆಮೇಲೆ ಇಲ್ಲಿಗೆ ಬಂದು ಗಾರೆ ಕಲಸಬೇಕು. ಅತ್ತೆ ಅಮ್ಮಯಮ್ಮ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದರು. ರಾತ್ರಿಗೆ ಮೂರು ಸಲ "ರುಕ್ಮೀ" ಎಂದು ಕರೆಯುತ್ತಿದ್ದರು. ಹೋದ ಆಷಾಢದಲ್ಲಿ ಕಣ್ಣು ಮುಚ್ಚಿದರು. ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದೆವು, ಮೇಲೆ ಗರಿಕೆಯೂ ಹಬ್ಬಿದೆ. ಕರೆಯುವವರು ಹೋದರೂ ನನ್ನ ಕಿವಿ ಮಾತ್ರ ಇನ್ನೂ ಮೂರು ಸಲ ಏಳುತ್ತದೆ.

ಕೊನೆಯ ಕೆಲಸವೆಂದು ಅಮರ್ ಇನ್ನೊಂದು ಚಿತ್ರ ತೋರಿಸಿದ. ಯಾವುದೋ ದೇಶದ ತೋಟದಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದಾಳೆ. ಮುಖ, ಕೈ ಮಾತ್ರ ಗಾರೆಯದು. ಮೈಯೆಲ್ಲ ಆಳೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಹಸಿರು, ಕೂದಲೂ ಹುಲ್ಲಿನದೇ.

"ಮಲಗಿರೋರ ಮುಖ ನಾನು ಯಾವತ್ತೂ ಮಾಡಿಲ್ಲ ಕಣಪ್ಪ," ಎಂದರು ನಮ್ಮವರು. ನಿಜವೇ. ಗೋಪುರದ ಮೇಲೆ ಯಾರಿಗೂ ನಿದ್ದೆಯಿಲ್ಲ, ಎಲ್ಲರೂ ಗುಡ್ಡೆಗಣ್ಣು ಬಿಟ್ಟುಕೊಂಡು ನಿಂತಿರುತ್ತಾರೆ.

"ರುಕ್ಮಿಣಮ್ಮನ್ನ ಮಲಗ್ಸಿ, ನೋಡ್ಕೊಂಡು ಮಾಡಿ ಗುರು," ಎಂದ ಅಮರ್. ಅವನು ತಮಾಷೆಗೆ ಹೇಳಿದ್ದು. ನಮ್ಮವರು ಮಾರನೆಯ ದಿನ ಚಾಪೆ ತಂದು ಹೊಂಗೆ ಮರದ ಕೆಳಗೆ ಹಾಸಿದರು.

ಹಗಲು ಹನ್ನೊಂದು ಗಂಟೆಗೆ, ಮೈ ಕೈ ಗಟ್ಟಿಯಿರುವ ಹೆಂಗಸು, ನಾಲ್ಕು ಜನ ಓಡಾಡುವ ಕಡೆ ಕಾಲು ಚಾಚಿ ಮಲಗುವುದೆಂದರೆ! ನಾಚಿಕೆಯಿಂದ ಸತ್ತೇ ಹೋದೆ. ಮೊದಲ ದಿನ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಹಸುವಿನ ಬೂಸ, ಹೆಪ್ಪು ಹಾಕದ ಹಾಲು, ಒಣಹಾಕಿದ ಮೆಣಸಿನಕಾಯಿ ಸುತ್ತುತ್ತಿದ್ದವು. "ಹುಬ್ಬು ಗಂಟಾಕ್ಬ್ಯಾಡ ಕಣೇ," ಎಂದು ಇವರು ಗದರಿದರು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಏನಾಯಿತೋ ಕಾಣೆ. ಎಲೆಗಳ ಸಂದಿಯಿಂದ ಬಿಸಿಲು ಪಾದದ ಮೇಲೆ ಬಿದ್ದಿತ್ತು, ಅಷ್ಟೇ ನೆನಪು.

ಎದ್ದಾಗ ನೆರಳು ಮರದ ಆಚೆಗೆ ಹೋಗಿತ್ತು. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ. ನನ್ನ ಕೆಲಸದ ಗಾರೆಯನ್ನು ಇವರೇ ಕಲಸಿಕೊಂಡು, ಸವೆದ ಮಂಡಿಯೂರಿ ಕೂತು ಮುಖ ಎಬ್ಬಿಸಿಬಿಟ್ಟಿದ್ದರು. ಕೆನ್ನೆ ಅಂಗೈ ಮೇಲೆ ಒತ್ತಿ ಒಂದು ಕಡೆ ಚಪ್ಪಟೆಯಾಗಿತ್ತು. ಬಾಯಿ ಒಂಚೂರು ತೆರೆದಿತ್ತು. ಹುಬ್ಬಿನ ನಡುವಿನ ಗಂಟು ಇರಲಿಲ್ಲ. ತಾನು ಮಲಗಿದ್ದಾಗ ಹೇಗಿರುತ್ತೇನೆಂದು ಯಾರು ತಾನೇ ನೋಡಿಕೊಳ್ಳುತ್ತಾರೆ? ನಾನು ನೋಡಿದೆ. ಇಷ್ಟು ಚೆನ್ನಾಗಿ ಮಲಗಲು ನನಗೆ ಬರುತ್ತದೆ ಎಂದು ಗೊತ್ತೇ ಇರಲಿಲ್ಲ. ಅವಳ ಮೇಲೆ ನನಗೆ ಎಲ್ಲಿಲ್ಲದ ಅಕ್ಕರೆ ಬಂದುಬಿಟ್ಟಿತು.

ಮಣ್ಣು ಸುರಿದು ಮೈ ದಿಬ್ಬ ಮಾಡಿದೆವು. ಅದಕ್ಕೆ ಲಾರಿಯಲ್ಲಿ ಬಂದ ಹುಲ್ಲುಹಾಸು ತಲೆಗೆ ಬರುವ ಹೊತ್ತಿಗೆ ಮುಗಿದುಹೋಯಿತು. ಅಮರ್ ತಲೆ ಕೆರೆದುಕೊಂಡ. ನಾನು ಮನೆಯಿಂದ ಎರಡು ಸೇರು ರಾಗಿ ತಂದು ನೆತ್ತಿಯಿಂದ ಬೆನ್ನಿನವರೆಗೆ ಒತ್ತಾಗಿ ಬಿತ್ತಿ ದಿನಾ ನೀರು ಚಿಮುಕಿಸಿದೆ. ಹದಿನೈದು ದಿನದಲ್ಲಿ ಗೇಣುದ್ದ ಪೈರು ಬಂತು. ಸಂಜೆ ಗಾಳಿಗೆ ಅದು ಒಂದು ಮಗ್ಗುಲಿಗೆ ವಾಲುತ್ತಿತ್ತು, ಬಾಚಿದ ಹಾಗೆ.

ಸಂಕ್ರಾಂತಿ ಕಳೆದ ಭಾನುವಾರ ಪಾರ್ಕು ತೆರೆಯಬೇಕು. ಶುಕ್ರವಾರ ಸಂಜೆ ನಮ್ಮವರು ಅವಳ ಮುಖದ ಮೇಲೆ ಬಿಳಿ ಬಟ್ಟೆ ಹೊದಿಸಿದರು.

"ನಾಳೆ ಬೆಳಗ್ಗೆ ಕನ್ನಡಿ ತಗೊಂಡ್ ಬಾ. ಕಣ್ ಬಿಡಿಸ್ಬೇಕು."

ಪಕ್ಕದಲ್ಲಿದ್ದ ಅಮರ್ ಹಾರಿಬಿದ್ದ. "ಬೈಲಪ್ಪಣ್ಣ, ಫೋಟೋ ನೋಡಿದ್ದೀರಲ್ಲ! ಸ್ಲೀಪಿಂಗ್ ಲೇಡಿ ಅಂತ ಬೋರ್ಡ್ ಬರ್ಸಿದೀನಿ. ಕಣ್ ಬಿಟ್ಕೊಂಡ್ ಮಲಗಿದ್ರೆ ಮಕ್ಳು ಹೆದರ್ಕೊಳ್ತಾರೆ. ಕಣ್ ಬಿಡಿಸಿದ್ರೆ ಇದನ್ನ ಒಡೆಸ್ಬಿಡ್ತೀನಿ ನೋಡಿ."

ಇವರು ಉಳಿ ಮಸೆಯತೊಡಗಿದರು. ಅಂದರೆ ತೀರ್ಮಾನ ಮಾಡಿಯಾಯಿತು ಎಂದೇ ಅರ್ಥ.

ಶನಿವಾರ ಡೇರಿಗೆ ಹಾಲು ಹಾಕಿ, ಕನ್ನಡಿ ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ತಲೆಕೆಳಗಿನ ಮನೆಯ ಬಾಗಿಲು ಕಾಣುತ್ತಿರಲಿಲ್ಲ. ನಮ್ಮವರು ಅವಳ ಮುಖದ ಬಟ್ಟೆ ತೆಗೆದು, ರೆಪ್ಪೆಯ ಮೇಲೆ ನೀರು ಸವರಿ, ಸಣ್ಣ ಉಳಿ ಹಿಡಿದು ಕೂತಿದ್ದರು. ಉಳಿಯನ್ನು ರೆಪ್ಪೆಗಿಟ್ಟು, ತೆಗೆದು, ಮತ್ತೆ ಇಡುತ್ತಿದ್ದರು. ದೇವರ ಕಣ್ಣು ಬಿಡಿಸುವಾಗ ಒಂದು ದಿನವೂ ಹೀಗೆ ತಡವರಿಸಿದವರಲ್ಲ.

"ಬ್ಯಾಡ ಕಣ್ರೀ," ಎಂದೆ.

"ನಿಂಗೊತ್ತಾಗಲ್ಲ ಸುಮ್ನಿರು."

"ಅವ್ನು ಒಡೆಸಾಕ್ತಾನೆ."

"ಒಡೆಸ್ಲಿ." ಅವರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಗಿತ್ತು, ಇವರೂ ಮಲಗಿರಲಿಲ್ಲ. "ನಿನ್ ಮುಖ ಕಣೇ ಇದು. ಯಾರ್ದೋ ಮುಖ ಮಾಡಾಣ ಅಂತಿದ್ದೆ, ಕೈ ಕೇಳ್ಲಿಲ್ಲ. ಕಣ್ ಮುಚ್ಕೊಂಡು, ಮಣ್ಣೊಳಗೆ ಅರ್ಧ ಹೋಗಿ, ಮೈಮ್ಯಾಲೆ ಹುಲ್ಲು ಬೆಳ್ಕೊಂಡು... ಅವ್ವನ್ ಮ್ಯಾಲೂ ಹಿಂಗೇ ಬೆಳ್ದೈತೆ. ನನ್ ಕೈಯಾರೆ ನಿನ್ನ ಹಿಂಗೆ ಮಲಗ್ಸಿ ಮನೀಗ್ ಬರಕಾಯ್ತದಾ?"

ಆಗ ನನಗೆ ಗೊತ್ತಾಯಿತು, ಇವರನ್ನು ಕಾಡುತ್ತಿದ್ದದ್ದು ಮೇಸ್ತ್ರಿಯ ಮಾತಲ್ಲ, ಭಯ. ನಾನು ಹೋಗಿಬಿಟ್ಟರೆ ಎನ್ನುವ ಭಯ. ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳದವರು ಈಗ ಉಳಿ ಹಿಡಿದುಕೊಂಡು ಹೇಳುತ್ತಿದ್ದರು. ಸಂತೋಷಪಡಬೇಕಿತ್ತು. ಆದರೆ ನನಗೆ ಬಂದದ್ದು ಅಳು, ಅದರ ಹಿಂದೆಯೇ ಸಿಟ್ಟು.

"ನಾನೇನ್ ಸತ್ತಿಲ್ಲ. ಮಲಗಿದ್ದೀನಿ," ಎಂದೆ. "ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಮ್ಗೆ? ಗೊತ್ತಾಗಲ್ಲ ಬಿಡಿ, ಈ ಮನ್ಯಾಗೆ ನಾನು ಮಲಗಿದ್ದು ಯಾರ್ ನೋಡವ್ರೆ? ನಂಗೆ ಸಾಕಾಗ್ಬಿಟ್ಟೈತೆ ಕಣ್ರೀ. ಎದ್ದೂ ಎದ್ದೂ ಸಾಕಾಗೈತೆ. ನಾಳೆಯಿಂದ ಏಳಲ್ಲ ಅಂತ ಹೇಳ್ತಿಲ್ಲ, ಏಳ್ತೀನಿ, ಹಾಲು ಕರೀತೀನಿ, ಡಬ್ಬಿ ಕಟ್ತೀನಿ. ಇವ್ಳೊಬ್ಳು ಮಲಕ್ಕೊಳ್ಳಿ. ಇವ್ಳನ್ನೂ ಎಬ್ಬಿಸ್ಬ್ಯಾಡಿ."

ಇಷ್ಟು ಹೇಳಿ ಅವಳ ಕೈಗೆ ಒರಗಿ ಕೂತುಬಿಟ್ಟೆ. ಗಾರೆ ತಣ್ಣಗಿತ್ತು.

ಬೇಲಿಯಾಚೆ ಒಂದು ಹಾಲಿನ ಟೆಂಪೋ ಹಾರನ್ನು ಹೊಡೆದುಕೊಂಡು ಹೋಯಿತು. ಇವರು ಉಳಿಯನ್ನು ಪಂಚೆಗೆ ಒರೆಸಿ ಚೀಲದೊಳಗೆ ಹಾಕಿದರು. ನನ್ನ ಸೆರಗಿನಿಂದ ಕನ್ನಡಿ ಎತ್ತಿಕೊಂಡರು. ತಿರುಗಿಸಿ, ನನ್ನ ಮುಖದ ಮುಂದೆ ಹಿಡಿದರು.

"ನೋಡ್ಕೊ," ಎಂದರು. "ಕಣ್ ತೆರೆಯೋ ಶಾಸ್ತ್ರ ನಿನಗಾಗ್ಲಿ. ಎದ್ದಿರೋಳು ನೀನು, ನಿನಗೇ ಮಾಡ್ತೀನಿ. ಅವ್ಳು ಮಲಕ್ಕೊಳ್ಳಿ."

ಅಷ್ಟು ವರ್ಷ ಹಿಡಿದ ಕನ್ನಡಿಯನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಒಂದು ಮೂಲೆ ಸೀಳಿತ್ತು, ನನಗೆ ಗೊತ್ತಿರಲಿಲ್ಲ. ಒಳಗೆ ಒಬ್ಬ ಹೆಂಗಸಿದ್ದಳು, ಕಣ್ಣ ಕೆಳಗೆ ಕಪ್ಪು, ಹುಬ್ಬಿನ ನಡುವೆ ಗಂಟು. ಸೂರ್ಯ ಮಂಜಿನಿಂದ ಹೊರಗೆ ಬಂದಾಗಲೂ ಇವರು ಕನ್ನಡಿ ಇಳಿಸಲಿಲ್ಲ. ಕೈ ನೋಯುತ್ತದೆ, ಇಳಿಸಿ ಎಂದೆ. "ನೀನು ಹಿಡಿದಷ್ಟು ಹಿಡಿದಿಲ್ಲ," ಎಂದರು.

ಭಾನುವಾರ ಕಾರುಗಳು ನಂದಗುಡಿ ರಸ್ತೆಯವರೆಗೂ ನಿಂತವು. ತಲೆಕೆಳಗಿನ ಮನೆಯಲ್ಲಿ ಮಕ್ಕಳು ಕಿರುಚುತ್ತಿದ್ದರು, ಟೀ ಜಗ್ಗಿನ ಕೆಳಗೆ ಹುಡುಗಿಯರು ಫೋಟೋಗೆ ಬಾಯಿ ಒಡ್ಡುತ್ತಿದ್ದರು. ರಾಗಿಗೆ ನೀರು ಬಿಡುವ ಕೆಲಸ ನನಗೇ ಗಂಟುಬಿದ್ದಿತ್ತು. ಅವಳ ಕಾಲ ಬಳಿ ಪೈಪು ಇಟ್ಟುಕೊಂಡು ಕೂತಿದ್ದೆ.

ಆಗ ಒಂದು ವಿಷಯ ಗಮನಕ್ಕೆ ಬಂತು. ಎಲ್ಲ ಕಡೆ ಗದ್ದಲ ಮಾಡಿಕೊಂಡು ಬಂದವರು ಇವಳ ಹತ್ತಿರ ಬಂದ ಕೂಡಲೇ ದನಿ ತಗ್ಗಿಸುತ್ತಿದ್ದರು. ಬೋರ್ಡಿನಲ್ಲಿ ಹಾಗೇನೂ ಬರೆದಿರಲಿಲ್ಲ. ಒಂದು ಮಗು ಓಡಿಬಂದು ಕೆನ್ನೆ ತಟ್ಟಲು ಹೋಯಿತು. ಅದರ ತಾಯಿ, ಪ್ಯಾಂಟು ಹಾಕಿದ ದೊಡ್ಡ ಊರಿನ ಹೆಂಗಸು, ತುಟಿಗೆ ಬೆರಳಿಟ್ಟು ಅದನ್ನು ಎಳೆದುಕೊಂಡಳು.

"ಶ್, ಮೆತ್ತಗೆ. ಪಾಪ, ಸುಸ್ತಾಗಿ ಮಲಗಿದ್ದಾಳೆ. ಎದ್ಬಿಡ್ತಾಳೆ."

ತಾಯಿ ಮಗು ಇಬ್ಬರೂ ತುದಿಗಾಲಿನಲ್ಲಿ ನಡೆದು ಹೋದರು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು, ಗಾರೆಯ ಬೊಂಬೆಯ ಮೇಲೆ. ಆಮೇಲೆ ಆ ಮುಖ ನೋಡಿದೆ, ನನ್ನದೇ. ಹೊಟ್ಟೆಕಿಚ್ಚು ಇಳಿಯಿತು.

"ರುಕ್ಮಿಣಮ್ಮಾ!" ಗೇಟಿನ ಕಡೆಯಿಂದ ಅಮರ್ ಕೂಗಿಕೊಂಡು ಬಂದ. "ರುಕ್ಮಿಣಮ್ಮಾ, ಆ ಕಡೆ ಗಿಡಕ್ಕೂ ನೀರು ಬಿಡ್ಬೇಕು, ಏಳಿ, ಎದ್ದೇಳಿ!"

ನಾನು ತುಟಿಗೆ ಬೆರಳಿಟ್ಟೆ. "ಕೂಗ್ಬ್ಯಾಡ ಕಣಪ್ಪ, ಮಲಗಿದ್ದೀನಿ," ಎಂದೆ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಸದ್ದಾಗದ ಹಾಗೆ ಪೈಪು ಎಳೆದುಕೊಂಡು ಆ ಕಡೆಗೆ ಹೋದೆ.