ಎಣ್ಣೆ ಡಬ್ಬದ ಕೊತ್ತಂಬರಿ

"ಒಂದೇ ಒಂದು ಲೋಟ ಸಾಕು, ಅಮಾಲೆ. ಉಗುರುಬೆಚ್ಚಗಿರಲಿ. ಹೊಳೆ ನೀರನ್ನ ಹಾಗೇ ಹಾಕಿಬಿಟ್ರೆ ಸತ್ತೇ ಹೋಗ್ತವೆ," ಎಂದಳು ದಿಸ್ಕಿತ್, ಒಲೆಯ ಪಕ್ಕದ ಹಾಸಿಗೆಯಿಂದ.

ಅವಳು ಅಮಾಲೆ, ಎಂದರೆ ಅಮ್ಮ, ಎಂದು ಕರೆಯುವ ಅತ್ತೆ ಸ್ಪಲ್ಜೆಸ್ ಲೋಟ ಹಿಡಿದು ಗಾಜಿನ ಕೋಣೆಯ ಹೊಸ್ತಿಲವರೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಕಿಟಕಿಯ ಕೆಳಗೆ ಜನವರಿಯ ಬಿಸಿಲು ಕಾಯುತ್ತ ಮೂರು ಎಣ್ಣೆ ಡಬ್ಬಗಳಿದ್ದವು. ಅಡ್ಡಕ್ಕೆ ಕತ್ತರಿಸಿ ಮಣ್ಣು ತುಂಬಿದ ಡಬ್ಬಗಳು. ಮಣ್ಣಿನ ಮೇಲೆ ಕೊತ್ತಂಬರಿಯ ಎರಡೆಲೆಯ ಮೊಳಕೆಗಳು ತಲೆ ಬಾಗಿಸಿ ನಿಂತಿದ್ದವು. ನೀರು ಕಂಡು ಮೂರು ದಿನವಾಗಿತ್ತು.

ಸೊಸೆ ಹೆತ್ತೂ ಮೂರೇ ದಿನ. ಪುರುಡು ಕಳೆಯುವವರೆಗೆ ಮಗುವಿನ ತಾಯಿತಂದೆ ಮಣ್ಣು ಮುಟ್ಟುವಂತಿಲ್ಲ, ಅದಕ್ಕೆ ನೀರೂ ಹನಿಸುವಂತಿಲ್ಲ. ಮುಟ್ಟಿದರೆ ನೆಲದೊಳಗಿನ ನಾಗಗಳು ಮುನಿದು ಕೂಸಿನ ಮೈಮೇಲೆ ಹುಣ್ಣು ಎಬ್ಬಿಸುತ್ತವೆ. ಮನೆಯಲ್ಲಿ ಉಳಿದದ್ದು ಸ್ಪಲ್ಜೆಸಳ ಕೈ ಒಂದೇ. ಆದರೆ ಅವಳಿಗೆ ಅವಳದೇ ತಕರಾರಿತ್ತು. ಚಳಿಗಾಲದಲ್ಲಿ ನೆಲ ಮಲಗಿರುತ್ತದೆ. ವಸಂತದಲ್ಲಿ ಊರ ಜೋಯಿಸರು ದಿನ ನೋಡಿ, 'ಸಾಕಾ' ಪೂಜೆ ಮಾಡಿ ಎಬ್ಬಿಸುವವರೆಗೆ ಅದನ್ನು ಕೆದಕಬಾರದು. ಅರವತ್ತೆರಡು ವರ್ಷದ ಬಾಳಿನಲ್ಲಿ ಅವಳು ಒಮ್ಮೆಯೂ ಈ ಮಾತು ಮೀರಿದವಳಲ್ಲ.

"ಡಬ್ಬದ ಮಣ್ಣು ನೆಲ ಹೇಗಾಗುತ್ತಮ್ಮಾ?" ಎಂದ ಮಗ ಜಿಗ್ಮೆತ್, ಒಲೆಗೆ ಸಗಣಿಬೆರಣಿ ತುರುಕುತ್ತ. "ಇಷ್ಟು ಜಾಗದಲ್ಲಿ ನಾಗ ಕಾಲು ಚಾಚೋದಾದ್ರೂ ಎಲ್ಲಿ?"

"ನಾಗಕ್ಕೆ ಕಾಲೆಲ್ಲಿಂದ ಬಂತೋ ಪೆದ್ದ? ಅಷ್ಟು ಧೈರ್ಯ ಇದ್ರೆ ನೀನೇ ಮುಟ್ಟು."

ಜಿಗ್ಮೆತ್ ಮಗುವಿನ ಕಡೆ ನೋಡಿದ. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

ದಿಸ್ಕಿತ್ ಕೆಳಗಿನ, ಚಳಿ ಕಡಿಮೆಯ ಶಾಮ್ ಸೀಮೆಯ ಹುಡುಗಿ. ಬಸುರಿಯಾದಾಗಿನಿಂದ ಅವಳಿಗೆ ಹಸಿರಿನದೇ ಬಯಕೆ. ಇಲ್ಲಿ ಸಿಗುತ್ತಿದ್ದುದು ಒಣಗಿಸಿದ ಸೊಪ್ಪು, ನೆಲಮಾಳಿಗೆಯ ಆಲೂಗಡ್ಡೆ. ಮೊದಲ ಸಲ ಕೊತ್ತಂಬರಿ ಕಾಳನ್ನು ಇಡಿಯಾಗಿ ಬಿತ್ತಿದಳು, ಒಂದೂ ಏಳಲಿಲ್ಲ. ಎರಡನೆಯ ಸಲ ಎದ್ದವು. ಒಂದು ಸಂಜೆ ಡಬ್ಬಗಳನ್ನು ಒಲೆಯ ಬಳಿಗೆ ತರಲು ಮರೆತಳು, ಬೆಳಗಾಗುವಷ್ಟರಲ್ಲಿ ಎಲ್ಲವೂ ಚಹಾದ ಚರಟದಂತೆ ಕಪ್ಪಗಾಗಿದ್ದವು. ಸ್ಪಲ್ಜೆಸ್ ಆಡಿಕೊಂಡು ನಕ್ಕಿದ್ದಳು. ಹುಡುಗಿ ಅಳಲಿಲ್ಲ. ಮೂರನೆಯ ಸಲ ಕಾಳುಗಳ ಮೇಲೆ ಲಟ್ಟಣಿಗೆ ಉರುಳಿಸಿ ಎರಡೆರಡು ಹೋಳು ಮಾಡಿ, ಒಂದು ದಿನ ನೆನೆಸಿ ಬಿತ್ತಿದಳು. ತುಂಬಿದ ಹೊಟ್ಟೆ ಹೊತ್ತು ದಿನಾ ಸಂಜೆ ಮೂರು ಡಬ್ಬ ಒಳಕ್ಕೆ, ಬೆಳಿಗ್ಗೆ ಮೂರು ಡಬ್ಬ ಹೊರಕ್ಕೆ. "ಹೊಟ್ಟೇಲಿ ಒಂದು, ಡಬ್ಬದಲ್ಲಿ ಮೂರು. ಯಾವುದು ಮೊದಲು ಹೆರ್ತೀಯೋ ನೋಡೋಣ!" ಎಂದು ಅತ್ತೆ ಚುಚ್ಚಿದರೆ, "ಎಲ್ಲಾ ಒಟ್ಟಿಗೇ, ಅಮಾಲೆ," ಎಂದು ನಗುತ್ತಿದ್ದಳು. ಹದಿನೆಂಟನೆಯ ದಿನ ಮೊಳಕೆ ಕಾಣಿಸಿತು. ಅದೇ ಮಧ್ಯಾಹ್ನ ಹೆರಿಗೆ ನೋವೂ ಬಂತು. ಅಂದಿನಿಂದ ಡಬ್ಬಗಳನ್ನು ಮಣ್ಣಿಗೆ ಕೈ ತಾಗಿಸದೆ ಒಳಗೆ ಹೊರಗೆ ಹೊರುತ್ತಿದ್ದವನು ಜಿಗ್ಮೆತ್.

ಸ್ಪಲ್ಜೆಸ್ ಹೊಸ್ತಿಲಿನಿಂದಲೇ ಬಗ್ಗಿ ನೋಡಿದಳು. ಕೆಲವು ಮೊಳಕೆಗಳ ತಲೆಯ ಮೇಲೆ ಕಾಳಿನ ಸಿಪ್ಪೆ ಇನ್ನೂ ಟೋಪಿಯಂತೆ ಕೂತಿತ್ತು. ಸಾಲು ತಪ್ಪಿರಲಿಲ್ಲ, ಒಂದರಿಂದ ಒಂದಕ್ಕೆ ಒಂದೇ ಅಂತರ. ಮಣ್ಣನ್ನು ಜರಡಿ ಹಿಡಿದು ಒಂದು ಹರಳೂ ಇಲ್ಲದಂತೆ ಹಸನು ಮಾಡಿದ್ದಳು ಹುಡುಗಿ. ನಲವತ್ತು ವರ್ಷ ಬಾರ್ಲಿ ಬಿತ್ತಿದ ಕೈ ಸ್ಪಲ್ಜೆಸಳದು. ಒಳ್ಳೆಯ ಬೇಸಾಯವನ್ನು ನೋಡಿಯೂ ನೋಡದ ಹಾಗಿರಲು ಅವಳಿಂದ ಆಗಲಿಲ್ಲ. ಹಟಮಾರಿ ಎಂದುಕೊಂಡಿದ್ದ ಸೊಸೆಯ ಮೇಲೆ ಅವಳಿಗೆ ಥಟ್ಟನೆ ಹೆಮ್ಮೆ ಎನಿಸಿತು. ಇಷ್ಟು ದಿನ ಆಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಅವಳು ಲೋಟವನ್ನು ಡಬ್ಬಗಳ ಪಕ್ಕದಲ್ಲಿಟ್ಟು, ಅಡುಗೆಮನೆಗೆ ಹಿಂದಿರುಗಿ ಒಂದು ಚಿಟಿಕೆ ಹುರಿದ ಬಾರ್ಲಿ ಹಿಟ್ಟು, ಬಟಾಣಿಯಷ್ಟು ಬೆಣ್ಣೆ ಬೊಗಸೆಯಲ್ಲಿಟ್ಟುಕೊಂಡು ಬಂದಳು. ಗಾಜಿನ ಕೋಣೆಯ ಬಾಗಿಲನ್ನು ಬೆನ್ನಿನಿಂದ ಮುಚ್ಚಿ, ಟೋಪಿ ತೆಗೆದು ಡಬ್ಬಗಳ ಮುಂದೆ ಮೊಣಕಾಲೂರಿದಳು. ಹಿಟ್ಟು, ಬೆಣ್ಣೆಯನ್ನು ಮೂರು ಪಾಲು ಮಾಡಿ ಮೂರು ಡಬ್ಬದ ಅಂಚಿಗೂ ಇಟ್ಟಳು. ಜೋಯಿಸರ ಮಂತ್ರ ಅವಳಿಗೆ ಬಾರದು. ಗದ್ದೆಯ ಬದುವಿನಲ್ಲಿ ನಿಂತು ವರ್ಷ ವರ್ಷ ಕೇಳಿದ ರಾಗ ಮಾತ್ರ ನೆನಪಿತ್ತು. ಅದನ್ನೇ ಗುನುಗಿದಳು.

ಆಮೇಲೆ ದನಿ ತಗ್ಗಿಸಿ, "ನಿದ್ದೆ ಕೆಡಿಸಿದ್ದಕ್ಕೆ ಸಿಟ್ಟು ಮಾಡ್ಕೋಬೇಡಿ," ಎಂದಳು. ನೆರೆಮನೆಯವರೊಡನೆ ಆಡುವಂತೆ ಸಲೀಸಾಗಿ ಮುಂದುವರಿಸಿದಳು. "ಕಾಳು ಒಡೆದವಳು ನಾನು. ಬಿತ್ತಿದವಳೂ ನಾನೇ. ಆ ಹುಡುಗಿಗೆ ಇದೊಂದೂ ಗೊತ್ತಿಲ್ಲ. ಕೇಳೋದಿದ್ರೆ ನನ್ನನ್ನ ಕೇಳಿ."

ಅವಳು ಲೋಟದ ನೀರಿಗೆ ಬೆರಳದ್ದಿ ನೋಡಿದಳು. ಬಿಸುಪು ಇನ್ನೂ ಆರಿರಲಿಲ್ಲ. ಅಂಗೈಗೆ ಸುರಿದುಕೊಂಡು ಬೆರಳ ಸಂದಿಯಿಂದ ಹನಿಹನಿಯಾಗಿ ಬಿಟ್ಟಳು. ಮಣ್ಣು ಕಪ್ಪಾಯಿತು.

"ಅಮಾಲೆ, ಅಲ್ಲಿ ಯಾರ ಹತ್ರ ಮಾತಾಡ್ತಿದ್ದೀರಾ?" ದಿಸ್ಕಿತ್ ಒಳಗಿನಿಂದ ಕೂಗಿದಳು.

"ಯಾರೂ ಇಲ್ಲ. ನೀನು ಮಗೂಗೆ ಹಾಲು ಕೊಡು."

ಮೂಲೆಯ ಒಂದು ಮೊಳಕೆ ನೀರಿನ ಭಾರಕ್ಕೆ ಒರಗಿತ್ತು. ಸ್ಪಲ್ಜೆಸ್ ಬರಿಗೈಯಲ್ಲಿ ಮಣ್ಣು ಕೆದಕಿ ಅದರ ಬುಡಕ್ಕೆ ಒತ್ತಿದಳು. ಅದು ನೆಟ್ಟಗಾಗುವವರೆಗೆ ತೋರುಬೆರಳಿನ ಆಸರೆ ಕೊಟ್ಟು ಹಿಡಿದುಕೊಂಡೇ ಕೂತಳು.