ಜಯಶೀಲಳ ಕೈಗೆ ಕೂತ ಕಡ್ಡಿ

ನಾನು ಒಂದು ಕ್ರೋಶಾ ಕಡ್ಡಿ. ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಒಂದು ಹೆಂಚಿನ ಮನೆಯ ಹಿಂಬದಿಯಲ್ಲಿದ್ದ ಲೇತಿನ ಮೇಲೆ. ಹಾಲೆ ಮರದ ತುಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಉಳಿ ಹಿಡಿದು ನನಗೆ ಆಕಾರ ಕೊಟ್ಟವಳು ನಫೀಸಾ. ಬುಗುರಿ, ಗಿಲಕಿ, ಬಳೆಗಳೆಲ್ಲ ಅವಳಿಗೆ ಕೈಬಂದ ಕೆಲಸ. ಕ್ರೋಶಾ ಕಡ್ಡಿ ಮಾತ್ರ ಹೊಸದು. ಹೆದ್ದಾರಿ ಬದಿಯ ಅಂಗಡಿಯವರು ಒಂದು ಮಾದರಿ ತೋರಿಸಿ, ಇಂಥವು ಒಂದಷ್ಟು ಬೇಕು ಎಂದಿದ್ದರು.

ನಫೀಸಾ ನನ್ನ ಹಿಡಿಯನ್ನು ದಪ್ಪಗೆ, ದುಂಡಗೆ ಬಿಟ್ಟಳು. ಹಳದಿ ಅರಗು ಹಚ್ಚಿ ತಾಳೆಗರಿಯಿಂದ ಉಜ್ಜಿದಾಗ ನಾನು ಮಿರಮಿರ ಮಿಂಚಿದೆ. ಆದರೆ ತುದಿಯಲ್ಲಿ ಕೊಕ್ಕೆ ಕೊರೆಯುವಾಗ ಚಾಕು ತುಸು ಆಳಕ್ಕೆ ಇಳಿದು, ಅಂಚು ಚೂಪಾಗಿಯೇ ಉಳಿಯಿತು. ಅವಳು ಒಮ್ಮೆ ಬೆರಳಾಡಿಸಿ ನೋಡಿ ನನ್ನನ್ನು ಬುಟ್ಟಿಗೆ ಹಾಕಿದಳು. ಕ್ರೋಶಾ ಹಾಕುವವರು ಯಾರೂ ಆ ಮನೆಯಲ್ಲಿರಲಿಲ್ಲ. ಹಾಗಾಗಿ ನನ್ನ ದೋಷ ಯಾರಿಗೂ ತಿಳಿಯಲಿಲ್ಲ.

ಅಂಗಡಿಯಲ್ಲಿ ನನ್ನನ್ನು ಕೊಂಡವರು ಎಸ್ತರ್ ಟೀಚರ್. ಮಂಡ್ಯದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಮೇಜಿನ ಹೊದಿಕೆಯ ಅಂಚಿಗೆ ಜೇಡರ ಬಲೆಯಷ್ಟು ನವಿರಾದ ಲೇಸು ಹೆಣೆಯುವ ಕೈ ಅವರದು. ಬೆರಳ ಗಂಟುಗಳು ನೋಯತೊಡಗಿದ್ದರಿಂದ ದಪ್ಪ ಹಿಡಿಯ ಕಡ್ಡಿ ಹುಡುಕುತ್ತಿದ್ದರು. ಮನೆಗೆ ಹೋದವರೇ ತೆಳ್ಳನೆಯ ನುಣುಪು ದಾರ ತೆಗೆದು ನನ್ನಿಂದ ಹೆಣೆದು ನೋಡಿದರು. ಲೇಸು ಹೋಗಿ ಮೀನಿನ ಬಲೆಯಾಯಿತು.

“ನಿನ್ನ ತಪ್ಪಲ್ಲ ಬಿಡು, ಈ ದಾರಕ್ಕೆ ನೀನು ಜಾಸ್ತಿ ದಪ್ಪ,” ಎಂದು ಹೇಳಿ ನನ್ನನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದರು.

ಡಬ್ಬಿಯಲ್ಲಿ ಸ್ಟೀಲಿನ ತೆಳು ಕಡ್ಡಿಗಳಿದ್ದವು, ಅಲ್ಯುಮಿನಿಯಮ್ಮಿನವು ಇದ್ದವು, ಗುಲಾಬಿ ಬಣ್ಣದ ಒಂದು ಪ್ಲಾಸ್ಟಿಕ್ ಕಡ್ಡಿಯೂ ಇತ್ತು. ದಿನವೂ ಮುಚ್ಚಳ ತೆರೆಯುತ್ತಿತ್ತು. ಟೀಚರ ಕೈ ನನ್ನನ್ನು ಸರಿಸಿ ಬೇರೆಯದನ್ನು ಎತ್ತಿಕೊಳ್ಳುತ್ತಿತ್ತು. ಹೀಗೆ ವರ್ಷಗಳು ಕಳೆದವು. ಕೆಲಸವಿಲ್ಲದೆ ಮಿಂಚುತ್ತಾ ಮಲಗಿರುವುದು ಎಂಥ ಬೇಸರ ಎಂಬುದು ನನಗೆ ಗೊತ್ತು.

ಒಂದು ಮಧ್ಯಾಹ್ನ ಟೀಚರ ಹಳೆಯ ವಿದ್ಯಾರ್ಥಿನಿ ಜಯಶೀಲ ಮನೆಗೆ ಬಂದಳು. ಅವಳು ಬಸ್ ಕಂಡಕ್ಟರ್. ಮಂಡ್ಯದಿಂದ ನಾಗಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ಅವಳ ಡ್ಯೂಟಿ. ಕೆಲವು ತಿಂಗಳ ಹಿಂದೆ ಕ್ಯಾನ್ಸರ್ ಎಂದು ಗೊತ್ತಾಗಿ ಅವಳ ಬಲ ಸ್ತನವನ್ನು ತೆಗೆದಿದ್ದರು. ಚಿಕಿತ್ಸೆ ಮುಗಿದಿತ್ತು. ಉದುರಿದ್ದ ಕೂದಲು ಮೋಟಾಗಿ ಮತ್ತೆ ಚಿಗುರುತ್ತಿತ್ತು. ಬಲಗೈ ಬಿಗಿದುಕೊಂಡು ಬೆರಳುಗಳು ಊದಿದ್ದವು.

ಅವಳು ಅಳಲಿಲ್ಲ. ಮುಂದಿನ ತಿಂಗಳು ಡ್ಯೂಟಿಗೆ ಹೋಗಬೇಕು ಎಂದಳು. ಡಿಪೋದಲ್ಲಿ ಒಳ್ಳೆಯ ಮಾತಲ್ಲೇ ಕಚೇರಿ ಕೆಲಸ ಕೊಡುತ್ತೇವೆ ಎಂದಿದ್ದರಂತೆ; ಇವಳಿಗೆ ಬಸ್ಸೇ ಬೇಕು. ಕುಪ್ಪಸದೊಳಗೆ ಕರವಸ್ತ್ರ ಮಡಿಚಿಟ್ಟುಕೊಂಡು ನೆಂಟರ ನಾಮಕರಣಕ್ಕೆ ಹೋಗಿದ್ದಳಂತೆ. ತೊಟ್ಟಿಲು ತೂಗಲು ಕೈ ಎತ್ತಿದಾಗ ಅದು ಜಾರಿ ಹೊಟ್ಟೆಗಿಳಿಯಿತು. ಎಲ್ಲರೂ ನೋಡಿದರು. ಅಂಗಡಿಯಲ್ಲಿ ತೋರಿಸಿದ ಸಿಲಿಕೋನಿನದು ಭಾರ, ಸೆಖೆ; ಗಾಯದ ಗೆರೆಯ ಮೇಲೆ ಉರಿ ಏಳುತ್ತಿತ್ತು.

ಆಸ್ಪತ್ರೆಯ ನರ್ಸೊಬ್ಬರು ಫೋನಿನಲ್ಲಿ ಒಂದು ಚಿತ್ರ ತೋರಿಸಿದ್ದರು. ಹತ್ತಿ ದಾರದಲ್ಲಿ ಕ್ರೋಶಾ ಹಾಕಿ, ಒಳಗೆ ಮೆತ್ತನೆಯದು ತುಂಬಿದ ಕೃತಕ ಸ್ತನ. ಜಯಶೀಲ ಆ ಚಿತ್ರವನ್ನು ಟೀಚರ ಮುಂದೆ ಹಿಡಿದಳು.

ಟೀಚರು ಕನ್ನಡಕ ಏರಿಸಿ ನೋಡಿ, ಇಷ್ಟೇ ತಾನೆ, ಭಾನುವಾರದೊಳಗೆ ಹೆಣೆದು ಕೊಡುತ್ತೇನೆ ಎಂದರು.

“ಬ್ಯಾಡ ಟೀಚರ್. ನಂಗೆ ಕಲಿಸ್ಕೊಡಿ. ನಾನೇ ಹೆಣ್ಕತೀನಿ,” ಎಂದಳು ಜಯಶೀಲ.

“ಕೈ ಹೀಗಿದೆಯಲ್ಲಮ್ಮ.”

“ಇದೇ ಕೈಲಿ ಮೇಲಿನ ಕಂಬಿ ಹಿಡ್ಕಂಡು ನಿಲ್ಬೇಕು. ಒಂದು ಕಡ್ಡಿ ಹಿಡಿಯಕ್ಕಾಗದೆ ಇದ್ರೆ ಆ ಕಂಬಿ ಹೆಂಗೆ ಹಿಡೀಲಿ?”

ಟೀಚರು ಎದ್ದು ಒಳಗೆ ಹೋದರು. ಡಬ್ಬಿಯನ್ನು ತಂದು ಚಾಪೆಯ ಮೇಲೆ ಸುರಿದರು.

ಮೊದಲು ಸ್ಟೀಲಿನ ಕಡ್ಡಿ. ಜಯಶೀಲಳ ಊದಿದ ಬೆರಳಿಗೆ ಅದು ಸಿಗಲೇ ಇಲ್ಲ. ಸಿಕ್ಕಿದಾಗ ಒತ್ತಿ ಒತ್ತಿ ಚರ್ಮಕ್ಕೆ ಗುಳಿ ಬಿತ್ತು. ಟೀಚರೇ ಅದರಿಂದ ಎರಡು ಸಾಲು ಹಾಕಿ ತೋರಿಸಿದರೆ, ಬಟ್ಟೆ ತೆಂಗಿನ ಚಿಪ್ಪಿನಂತೆ ಗಟ್ಟಿಯಾಯಿತು. ಗಾಯದ ಮೇಲೆ ಇಡುವ ಮಾತೇ ಇಲ್ಲ. ಆಮೇಲೆ ಗುಲಾಬಿ ಪ್ಲಾಸ್ಟಿಕ್ಕು. ಅದು ನನಗಿಂತ ದಪ್ಪ. ಕೈಗೆ ಹಾಯೆನಿಸಿತು, ಆದರೆ ಕುಣಿಕೆಗಳು ದೊಡ್ಡದಾಗಿ ಸಂದುಸಂದಿನಲ್ಲಿ ಹತ್ತಿ ಇಣುಕಿತು. ಅಲ್ಯುಮಿನಿಯಮ್ ಕಡ್ಡಿ ಹೆಚ್ಚುಕಡಿಮೆ ಸರಿಯಿತ್ತು. ಸ್ವಲ್ಪ ಹೊತ್ತಿಗೆ ಬೆವರಿನಲ್ಲಿ ಜಾರಿ ನೆಲಕ್ಕೆ ಬಿತ್ತು. ಅವಳು ಎತ್ತಿಕೊಂಡಳು. ಮತ್ತೆ ಬಿತ್ತು. ಮತ್ತೆ ಎತ್ತಿಕೊಂಡಳು.

ಆಗ ಟೀಚರ ಕಣ್ಣು ನನ್ನ ಮೇಲೆ ಬಿತ್ತು.

ನನ್ನ ಹಿಡಿ ಅವಳ ಅಂಗೈಯಲ್ಲಿ ಕೂತಿತು. ಬೆರಳುಗಳು ತಾವಾಗಿಯೇ ನನ್ನನ್ನು ಸುತ್ತಿಕೊಂಡವು. ಅವಳ ಮುಖ ಸಡಿಲಗೊಂಡದ್ದನ್ನು ನಾನು ಕೆಳಗಿನಿಂದ ನೋಡಿದೆ. ಮೊದಲ ಸಾಲು ಹಿತವಾಗಿ ಬಂತು. ಗಟ್ಟಿಯೂ ಅಲ್ಲ, ಜಾಳೂ ಅಲ್ಲ. ಎರಡನೆಯ ಸಾಲಿನಲ್ಲಿ ನನ್ನ ಚೂಪು ಅಂಚು ದಾರದ ಎಳೆ ಸೀಳಿತು. ಮೂರನೆಯದರಲ್ಲಿ ದಾರ ಕಿತ್ತೇ ಬಂತು. ಇಷ್ಟು ವರ್ಷಗಳ ಮೇಲೆ ಸಿಕ್ಕ ಕೈ ತಪ್ಪಿಹೋಯಿತು ಎಂದುಕೊಂಡೆ.

ಟೀಚರು ನನ್ನನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಹೋಗಿ ಉಪ್ಪು ಕಾಗದ ತಂದು ಕೂತರು. ಅರಗು ಕಿತ್ತುಬಂತು, ಬಿಳಿ ಪುಡಿ ಉದುರಿತು. ನೋವಾಗಲಿಲ್ಲವೆಂದರೆ ಸುಳ್ಳು. ಆದರೆ ಡಬ್ಬಿಗೆ ಮರಳುವುದಕ್ಕಿಂತ ಇದೇ ಮೇಲು ಎಂದು ನಾನು ಗಟ್ಟಿ ಮನಸ್ಸು ಮಾಡಿದೆ. ಉಜ್ಜುತ್ತಾರೆ, ಉಗುರಿನಿಂದ ತಡವುತ್ತಾರೆ, ಮತ್ತೆ ಉಜ್ಜುತ್ತಾರೆ. ಕೊನೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಕೊಟ್ಟರು. ದಾರ ನನ್ನ ಕೊಕ್ಕೆಯ ಮೇಲೆ ನೀರಿನಂತೆ ಹರಿಯಿತು.

ಜಯಶೀಲ ದಿನವೂ ಬಂದಳು. ತೋಳು ಸೆಳೆದಾಗ ನಿಲ್ಲಿಸಿ, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವ ವ್ಯಾಯಾಮ ಮಾಡಿ, ಮತ್ತೆ ಹೆಣೆಯಲು ಕೂರುತ್ತಿದ್ದಳು. ಮೊದಲನೆಯದು ಟೋಪಿಯಂತಾಯಿತು; ಟೀಚರು ಅದನ್ನು ತಮ್ಮ ತಲೆಗೇ ಇಟ್ಟುಕೊಂಡಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಎರಡನೆಯದು ಆಕಾರಕ್ಕೆ ಬಂತು, ಆದರೆ ಹಗುರವಾಗಿದ್ದರಿಂದ ತೊಟ್ಟಾಗ ಮೇಲಕ್ಕೇರಿತು. ಬಿಚ್ಚಿ ಮತ್ತೆ ಹೆಣೆದಳು. ಒಳಗೆ ಹತ್ತಿಯ ಜೊತೆ ಮಣಿಗಳ ಪುಟ್ಟ ಚೀಲವಿಟ್ಟು ಭಾರ ಸರಿದೂಗಿಸಿದರು.

ಅವಳು ಡ್ಯೂಟಿಗೆ ಮರಳಿದ ದಿನ ಟೀಚರೂ ಬಸ್ಸು ಹತ್ತಿದರು. ನಾನು ಅವರ ಕೈಚೀಲದಲ್ಲಿದ್ದೆ; ಚೀಲದ ಬಾಯಿ ತೆರೆದಿದ್ದರಿಂದ ಎಲ್ಲ ಕಾಣುತ್ತಿತ್ತು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟ ಜಯಶೀಲ ಮೊದಲ ಸ್ಟಾಪಿನವರೆಗೂ ಎಡಗೈಯಿಂದಲೇ ಕಂಬಿ ಹಿಡಿದಿದ್ದಳು. ಮುಂದೆ ಒಂದು ಎಮ್ಮೆ ಅಡ್ಡ ಬಂದು ಡ್ರೈವರು ಬ್ರೇಕು ಹಾಕಿದ. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಅವಳ ಬಲಗೈ ತಾನಾಗಿ ಮೇಲೆ ಹೋಗಿ ಕಂಬಿ ಹಿಡಿಯಿತು.

ಜಯಶೀಲ ತಲೆ ತಗ್ಗಿಸಿ ಎದೆ ನೋಡಿಕೊಂಡಳು. ಎಲ್ಲವೂ ಇದ್ದಲ್ಲೇ ಇತ್ತು.

ಸೀಟಿನಲ್ಲಿದ್ದ ಮುದುಕರೊಬ್ಬರು, “ಏನವ್ವ, ಬಾಳ ದಿವ್ಸದಿಂದ ಕಾಣಲೇ ಇಲ್ಲ?” ಎಂದರು.

“ಹುಷಾರಿರ್ಲಿಲ್ಲ ಕಣಜ್ಜ. ಈಗ ಬಂದಿವ್ನಿ. ಎಲ್ಲಿಗೆ ಕೊಡ್ಲಿ ಟಿಕೆಟ್ಟು?” ಎಂದು ಅವಳು ಮುಂದಿನ ಸಾಲಿಗೆ ಸರಿದಳು. ಅಲ್ಲಿಂದ ನಾಗಮಂಗಲದವರೆಗೂ ಬಲಗೈ ಕಂಬಿಯ ಮೇಲೇ ಇತ್ತು. ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂದು ಸಂಜೆ ನನ್ನನ್ನು ಜಯಶೀಲಳಿಗೇ ಕೊಟ್ಟುಬಿಟ್ಟರು.

ಆಮೇಲೆ ನನಗೆ ಪುರುಸೊತ್ತೇ ಇರಲಿಲ್ಲ. ತಪಾಸಣೆಗೆ ಆಸ್ಪತ್ರೆಗೆ ಹೋದಾಗಲೆಲ್ಲ ಜಯಶೀಲ ಕಾಯುವ ಬೆಂಚಿನ ಮೇಲೆ ಕೂತು ಹೆಣೆಯುತ್ತಿದ್ದಳು. ಪಕ್ಕದವರು ಏನದು ಎಂದು ಕೇಳುತ್ತಿದ್ದರು. ಹೇಳಿದರೆ ಕೆಲವರು ಮುಖ ತಿರುಗಿಸುತ್ತಿದ್ದರು, ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಸರಿಯುತ್ತಿದ್ದರು. ಕಲಿಯಲು ಬಂದವರು ನನ್ನಂಥದೇ ಕಡ್ಡಿ ಕೇಳಿದರೆ ಅವಳು ಒಪ್ಪುತ್ತಿರಲಿಲ್ಲ.

“ನನ್ನ ಕೈ ಬ್ಯಾರೆ, ನಿಮ್ಮ ಕೈ ಬ್ಯಾರೆ. ಎರಡು ಸಾಲು ಹೆಣ್ದು ನೋಡಿ. ಬೆರಳು ನೋಯಬಾರ್ದು, ಬಟ್ಟೆ ಮೆತ್ತಗಿರಬೇಕು, ಹತ್ತಿ ಇಣುಕಬಾರ್ದು. ಬಣ್ಣ ನೋಡ್ಕಂಡು ತಗೋಬ್ಯಾಡಿ,” ಎನ್ನುತ್ತಿದ್ದಳು.

ಹಾಗೆ ಬಂದವರಲ್ಲಿ ಚಿಕ್ಕತಾಯಮ್ಮ ಒಬ್ಬರು. ವಯಸ್ಸಾದವರು, ಹಾಲಿನ ಡೇರಿಗೆ ತಲೆಯ ಮೇಲೆ ಕ್ಯಾನು ಹೊತ್ತು ಹೋಗುತ್ತಿದ್ದವರು. ಮೊದಲು, ಈ ವಯಸ್ಸಿನಲ್ಲಿ ನನ್ನನ್ನು ಯಾರು ನೋಡುತ್ತಾರೆ ಎಂದು ತಳ್ಳಿಹಾಕಿದರು. ಮುಂದಿನ ತಿಂಗಳು ತಾವೇ ಜಯಶೀಲಳನ್ನು ಹುಡುಕಿಕೊಂಡು ಬಂದರು.

“ಯಾರಾದ್ರೂ ನೋಡಲಿ ಅಂತಲ್ಲ ಕಣವ್ವ. ಒಂದು ಕಡೆ ಬರಿದಾಗೈತೆ, ನಡೆಯುವಾಗ ವಾಲ್ತೀನಿ. ಈಗ ಕ್ಯಾನು ಹೊರಕ್ಕೆ ಭಯ.”

ಅವರದು ದೊಡ್ಡ ಮೈ. ದಿನಗಟ್ಟಲೆ ಕೆಲಸ ನಡೆಯಿತು. ಮುಗಿಯಲು ಕೆಲವೇ ಸುತ್ತು ಬಾಕಿ ಇರುವಾಗ ನನ್ನ ಕೊಕ್ಕೆಯ ತುಟಿ ಚಟ್ಟೆಂದು ಸಿಡಿಯಿತು. ಸವೆದು ಸವೆದು ತೆಳುವಾಗಿದ್ದೆ. ಬೇರೆ ಕಡ್ಡಿ ಹಿಡಿದರೆ ಹೆಣಿಗೆಯ ಬಿಗಿ ಬದಲಾಗುತ್ತದೆ. ಬಿಗಿ ಬದಲಾದರೆ ಒಂದು ಕಡೆ ಉಬ್ಬುತ್ತದೆ. ಜಯಶೀಲ ನನ್ನನ್ನೇ ಹಿಡಿದಳು. ಒಂದೊಂದು ಕುಣಿಕೆಯನ್ನೂ ಉಗುರಿನಿಂದ ತಡೆದು, ಮುರುಕು ಕೊಕ್ಕೆಯ ಮೇಲೆ ಏರಿಸಿ, ಮೆಲ್ಲಗೆ ಎಳೆದಳು. ನನ್ನಲ್ಲಿ ಉಳಿದಿದ್ದ ಅಷ್ಟೇ ತುಟಿಯಿಂದ ನಾನೂ ಬಿಡದೆ ಹಿಡಿದೆ. ಒಂದು ಎಳೆಯೂ ಜಾರಲಿಲ್ಲ.

ಚಿಕ್ಕತಾಯಮ್ಮ ಅದನ್ನು ತೊಟ್ಟು ಆಸ್ಪತ್ರೆಯ ಕಾರಿಡಾರಿನ ಆ ತುದಿಯವರೆಗೆ ನಡೆದು, ಈ ತುದಿಗೆ ಬಂದರು. ಮತ್ತೊಮ್ಮೆ ನಡೆದರು. ಆಮೇಲೆ ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಕೈಬಿಟ್ಟು, ನೆಟ್ಟಗೆ ಬಸ್‌ಸ್ಟಾಂಡಿನ ಕಡೆ ಹೊರಟೇಹೋದರು.

ಈಗ ಜಯಶೀಲಳ ಬಳಿ ಹೊಸ ಕಡ್ಡಿಯಿದೆ, ಒಳ್ಳೆಯ ಬಿದಿರಿನದು. ಎಸ್ತರ್ ಟೀಚರಿಗೆ ಕಣ್ಣು ಮಂಜಾಗಿದೆ. ಹೆಣೆದದ್ದನ್ನು ಬೆರಳಿನಿಂದಲೇ ತಡವಿ ಸರಿಯಿದೆಯೋ ಇಲ್ಲವೋ ಹೇಳುತ್ತಾರೆ. ನಾನು ಕನ್ನಡಿಯ ಗೂಡಿನಲ್ಲಿ ಬಾಚಣಿಗೆ, ಪಿನ್ನುಗಳ ಜೊತೆ ಇದ್ದೇನೆ. ಅರಗು ಹೋಗಿದೆ, ಕೊಕ್ಕೆ ಮೊಂಡಾಗಿದೆ. ಆದರೂ ಬಸ್ಸಿಗೆ ಹೊತ್ತಾದ ಬೆಳಗ್ಗೆ ಲಂಗದ ಲಾಡಿ ಒಳಗೆ ಸೇರಿಕೊಂಡರೆ ಅವಳು ನನ್ನನ್ನೇ ಹುಡುಕುತ್ತಾಳೆ. ನಾನು ಕತ್ತಲ ಅಂಚಿನೊಳಗೆ ನುಗ್ಗುತ್ತೇನೆ, ತಡವುತ್ತೇನೆ, ಲಾಡಿಯ ತುದಿಯನ್ನು ಹಿಡಿದು ಹೊರಗೆಳೆಯುತ್ತೇನೆ. ಅವಳು ಬಿಗಿಯಾಗಿ ಗಂಟು ಹಾಕಿಕೊಂಡು ಡ್ಯೂಟಿಗೆ ಓಡುತ್ತಾಳೆ.