ಕಿಂಗ್‌ಸ್ಟನ್ನಿನಿಂದ ಬಂದ ಹಾಡು

"ಅಂಕಲ್, ಇದರ ಮೇಲೂ ಹೆಸರಿಲ್ಲ," ಎಂದು ಕೆಮಿಷಾ ಮತ್ತೊಂದು ಹಳೆಯ ಗ್ರಾಮಫೋನ್ ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಡುವಿನ ದುಂಡು ಕಾಗದವನ್ನು ಯಾರೋ ಕೆರೆದು ತೆಗೆದಿದ್ದರು. ಯಾರೋ ಏನು, ಆಸ್ಟನ್ ಪಿನ್ನಾಕನೇ ತೆಗೆದದ್ದು.

ಲಂಡನ್ನಿನ ಹಾರ್ಲ್ಸ್‌ಡನ್‌ನ ಚರ್ಚ್ ಹಾಲಿನಲ್ಲಿ, ಮಡಚುವ ಕುರ್ಚಿಯ ಮೇಲೆ ಕೂತು ಎಪ್ಪತ್ತೊಂಬತ್ತರ ಆಸ್ಟನ್ ಮಂಡಿ ತಿಕ್ಕಿಕೊಳ್ಳುತ್ತಿದ್ದ. ಬಡಾವಣೆಯ ಜಮೈಕಾದವರು ನಡೆಸುವ ರೆಗ್ಗೆ ಸಂಗೀತದ ಸಂಭ್ರಮಕ್ಕೆ ಇನ್ನು ಹತ್ತೇ ದಿನ. ರೈಲು ಸೇತುವೆಯ ಕೆಳಗಿನ ಗೋಡೆಯ ಮೇಲೆ ಇಲ್ಲಿನ ಹಾಡುಗಾರರ, ದೊಡ್ಡ ಸ್ಪೀಕರ್‌ಗಳಲ್ಲಿ ರೆಕಾರ್ಡ್ ಹಾಕಿ ಜನರನ್ನು ಕುಣಿಸುತ್ತಿದ್ದ ಸೌಂಡ್ ಸಿಸ್ಟಮ್ಮಿನವರ ಹೆಸರುಗಳನ್ನು ಬರೆಸುತ್ತಾರಂತೆ. ಪಟ್ಟಿ ಇವತ್ತು ಸಂಜೆಯೇ ಪೇಂಟರನ ಕೈ ಸೇರಬೇಕು ಎಂದು ಸಮಿತಿಯ ಕೆಮಿಷಾ ಬೆಳಗಿನಿಂದ ಒಂದೇ ಸಮನೆ ಓಡಾಡುತ್ತಿದ್ದಾಳೆ. ಆಸ್ಟನ್ ಹೆಸರು ಆಗಲೇ ಪಟ್ಟಿಯ ತಲೆಯಲ್ಲಿದೆ. ಮೊಮ್ಮಕ್ಕಳಿಗೆ ಅದೊಂದು ಹೆಮ್ಮೆ. ಅವನಿಗೆ ಮಾತ್ರ ಯಾವಾಗ ಮನೆಗೆ ಹೋಗಿ ಬೆನ್ನು ಚಾಚುತ್ತೇನೋ ಎನ್ನಿಸಿತ್ತು. ಬೀರುವಿನಂಥ ಸ್ಪೀಕರ್ ಪೆಟ್ಟಿಗೆಗಳನ್ನು ಮೂವತ್ತು ವರ್ಷ ಹತ್ತಿಸಿ ಇಳಿಸಿದ ಬೆನ್ನು ಅದು.

"ಎಲ್ಲಾ ಯಾಕ್ ಹಿಂಗೆ ಕೆರೆದಿಟ್ಟಿದೀರಾ?"

"ಇಲ್ಲಾಂದ್ರೆ ಇವನು ಬಿಡ್ತಿದ್ನಾ?" ಆಸ್ಟನ್ ಗದ್ದದಿಂದಲೇ ತೋರಿಸಿದ. ಎದುರಿಗೆ ಲೀಬರ್ಟ್ ಬನ್ನಿನ ನಡುವೆ ಚೀಸ್ ಇಟ್ಟುಕೊಂಡು ತಿನ್ನುತ್ತಿದ್ದ. ಒಂದು ಕಾಲಕ್ಕೆ ಎದುರಾಳಿ ಸೌಂಡ್ ಸಿಸ್ಟಮ್ಮಿನ ಯಜಮಾನ. "ನಾನೊಂದು ಹೊಸ ಹಾಡು ಹಾಕಿದ್ರೆ ಸಾಕು, ಇವನ ಕಡೆಯೋರು ಕತ್ತು ಉದ್ದ ಮಾಡ್ಕೊಂಡು ಹೆಸರು ಓದೋರು. ಮುಂದಿನ ವಾರ ಇವನ ಹತ್ರಾನೂ ಅದೇ ಹಾಡು."

"ನಿನ್ನ ಹತ್ರ ಕದಿಯೋಂಥದ್ದು ಏನಿತ್ತೋ ಮಾರಾಯ? ಆ ಕಿಂಗ್‌ಸ್ಟನ್ ಹಾಡೊಂದು ಬಿಟ್ರೆ."

ಕೆಮಿಷಾಳ ಕೈಯಲ್ಲಿದ್ದದ್ದು ಅದೇ. ಜಮೈಕಾದ ಕಿಂಗ್‌ಸ್ಟನ್ನಿನಿಂದ ಬಂದ ಆ ಹಾಡು, ಸೌಂಡುಗಳ ಪಂದ್ಯದಲ್ಲಿ ಲೀಬರ್ಟನನ್ನು ಸೋಲಿಸಿ ಆಸ್ಟನ್‌ಗೆ ಟ್ರೋಫಿ ತಂದುಕೊಟ್ಟ ಕಥೆ ಅವಳಿಗೂ ಗೊತ್ತಿತ್ತು. "ಹಾಡಿದ್ದು ಯಾರು ಅಂಕಲ್?"

ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದನ್ನು ಹಾಡಿದವಳು ಐಸಿಲ್ಡಾ ಬ್ರಾಮ್‌ವೆಲ್. ಆಗ ಹತ್ತೊಂಬತ್ತರ ಹುಡುಗಿ, ಬಸ್ ಡಿಪೋ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದಳು. ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ಆಸ್ಟನ್ನೇ ಅವಳಿಂದ ಹಾಡಿಸಿ, ನೂರು ಪ್ರತಿ ಮಾಡಿಸಿದ್ದ. ಆದರೆ ಲಂಡನ್ನಿನಲ್ಲಿ ಮಾಡಿದ ಹಾಡೆಂದರೆ ಆಗ ಇಲ್ಲಿನ ಜಮೈಕಾದ ಜನವೇ ಮೂಗು ಮುರಿಯುತ್ತಿದ್ದರು. ಜಮೈಕಾದಿಂದ ಬಂದರೆ ಮಾತ್ರ ಹಾಡು. ಆಸ್ಟನ್ ಅವಳ ಹೆಸರನ್ನು ನಾಣ್ಯದಿಂದ ಕೆರೆದು, ಪಂದ್ಯದ ರಾತ್ರಿ ಮೈಕಿನಲ್ಲಿ, "ನಿನ್ನೆ ತಾನೇ ಕಿಂಗ್‌ಸ್ಟನ್ನಿನಿಂದ ವಿಮಾನದಲ್ಲಿ ಬಂತು," ಎಂದು ಕೂಗಿದ. ನೆರೆದ ಜನವೆಲ್ಲ ಎದ್ದು ಕುಣಿಯಿತು. "ಒಂದು ತಿಂಗಳು ಬಾಯಿ ಮುಚ್ಕೊಂಡಿರು, ಆಮೇಲೆ ನಾನೇ ಹೇಳ್ತೀನಿ," ಎಂದು ಅವಳಿಗೆ ಹೇಳಿದ್ದ. ಟ್ರೋಫಿ ಬಂದ ಮೇಲೆ ನಿಜ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಉಳಿದ ಪ್ರತಿಗಳು ಅಂಗಡಿಯ ನೆಲಮಾಳಿಗೆಯಲ್ಲಿ ನೀರು ನುಗ್ಗಿ ಹಾಳಾದವು. ಐಸಿಲ್ಡಾ ಹಾಡುವುದನ್ನೇ ಬಿಟ್ಟಳು. ಹೋದ ತಿಂಗಳು ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದಳು. ಆ ಮಾತೇ ಎತ್ತದೆ ಅವನ ಮಂಡಿನೋವು ವಿಚಾರಿಸಿದಳು. ಅವತ್ತಿನಿಂದ ಅವನಿಗೆ ನಿದ್ದೆ ಸರಿಯಿಲ್ಲ.

"ನಮ್ಮ ಐಸಿಲ್ಡಾ," ಎಂದ ಆಸ್ಟನ್. "ಕಿಂಗ್‌ಸ್ಟನ್ ಅಂದಿದ್ದು ಸುಳ್ಳು. ಅವಳ ಹೆಸರನ್ನ ಕೆರೆದೋನು ನಾನೇ. ಗೋಡೆ ಮೇಲೆ ಬರೆಸಮ್ಮ."

ಕೆಮಿಷಾ ಪೆನ್ನು ಕೆಳಗಿಟ್ಟಳು. "ರೆಕಾರ್ಡಿನ ಮೇಲೆ ಹೆಸರಿಲ್ಲದೆ ಹೋದ್ರೆ ಎರಡು ಸಾಕ್ಷಿ ಬೇಕು ಅಂಕಲ್. ನೀವೊಬ್ರು. ಇನ್ನೊಬ್ರು?"

ಆಸ್ಟನ್ ವಿಧಿಯಿಲ್ಲದೆ ಲೀಬರ್ಟನ ಕಡೆ ನೋಡಿದ. ಇನ್ನು ಇವನು ಊರಿಗೆಲ್ಲ ಡಂಗುರ ಸಾರುತ್ತಾನೆ ಅಂದುಕೊಂಡ. ಲೀಬರ್ಟ್ ತುಟಿಯ ಮೇಲಿನ ಚೂರು ಒರೆಸಿಕೊಂಡ.

"ನಂಗೆ ಅವತ್ತೇ ಗೊತ್ತಿತ್ತು ಕಣೋ."

"ಏನಂದೆ?"

"ಭಾನುವಾರ ಭಾನುವಾರ ಇದೇ ಚರ್ಚಲ್ಲಿ ನನ್ನ ಹಿಂದಿನ ಬೆಂಚಲ್ಲಿ ನಿಂತು ಹಾಡ್ತಿದ್ದೋಳು. ಆ ಗಂಟಲು ಗೊತ್ತಾಗಲ್ವಾ?"

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?"

"ಕಿಂಗ್‌ಸ್ಟನ್ನಿಗೆ ಸೋತೆ ಅಂದ್ರೆ ಒಂದು ಮರ್ಯಾದೆ ಇತ್ತು. ತಟ್ಟೆ ತೊಳೆಯೋ ಹುಡುಗಿಗೆ ಸೋತೆ ಅಂತ ಹೆಂಗೆ ಹೇಳ್ಕೊಳ್ಳಲಿ?"

ಆಸ್ಟನ್‌ಗೆ ಬಾಯಿಗೆ ಬಂದಂತೆ ಬೈಯಬೇಕು ಅನ್ನಿಸಿತು. ಅಷ್ಟು ವರ್ಷ ಆ ಗುಟ್ಟನ್ನು ತಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದನಲ್ಲ. ಆದರೆ ಯಾವ ಮುಖ ಇಟ್ಟುಕೊಂಡು ಬೈಯುವುದು? ಸುಸ್ತೂ ಆಗಿತ್ತು. ಕೆಮಿಷಾಳ ಸಾಕ್ಷಿ ಕಾಗದಕ್ಕೆ ತಾನು ಸಹಿ ಹಾಕಿ ಲೀಬರ್ಟನ ಕಡೆ ಸರಿಸಿದ. ಲೀಬರ್ಟ್ ಕನ್ನಡಕ ಹುಡುಕಿ ತಾನೂ ಸಹಿ ಹಾಕಿದ.

ಐಸಿಲ್ಡಾಳ ಒಪ್ಪಿಗೆಯೂ ಬೇಕು ಎಂದು ಕೆಮಿಷಾ ಫೋನ್ ಹಚ್ಚಿ ಮೇಜಿನ ಮೇಲಿಟ್ಟಳು. ಆಸ್ಟನ್ ಎಲ್ಲವನ್ನೂ ಹೇಳಿದ. ಲೀಬರ್ಟನಿಗೆ ಅವತ್ತೇ ಗೊತ್ತಿತ್ತೆಂಬುದನ್ನೂ ಹೇಳಿದ. ಆ ಕಡೆ ನಲ್ಲಿ ಸುರಿಯುತ್ತಿದ್ದ ಸದ್ದು ನಿಂತಿತು.

"ಒಂದು ತಿಂಗಳು ಅಂದಿದ್ದೆ ಆಸ್ಟನ್," ಎಂದಳು.

"ತಪ್ಪಾಯ್ತು ಐಸಿಲ್ಡಾ."

"ಗೋಡೆ ಮೇಲೆ ಬರೀತೀರಾ? ಬರೀರಿ, ಬೇಡ ಅನ್ನಲ್ಲ. ಆದ್ರೆ ಮೊದ್ಲು ನನ್ನ ಮಗಳಿಗೆ ಹೇಳು. ನಾನೂ ಹಾಡ್ತಿದ್ದೆ ಅಂದ್ರೆ, ಅಮ್ಮ ಮತ್ತೆ ಬುರುಡೆ ಬಿಡೋಕೆ ಶುರು ಮಾಡಿದ್ಲು ಅಂತ ನಗ್ತಾಳೆ. ಈಗೀಗ ನಾನು ಹೇಳೋದೇ ಬಿಟ್ಟಿದೀನಿ. ಇರು, ಕೊಡ್ತೀನಿ."

ಫೋನು ಕೈ ಬದಲಾಯಿಸಿತು. "ಹಲೋ? ಯಾರು ಮಾತಾಡೋದು?"

ಆಸ್ಟನ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಗಂಟಲು ಸರಿಮಾಡಿಕೊಂಡ.

"ಮಗೂ," ಎಂದ, "ಒಂದು ಸ್ವಲ್ಪ ಹೊತ್ತು ಹಿಡಿಯುತ್ತೆ. ಪುರುಸೊತ್ತಿದೆಯಾ?"